ಓದುಗರ ಪ್ರಶ್ನೆ: ಆನರ್ಸ್ ಕಾಲೇಜು ಅಂದರೆ ನಮ್ಮ ಎ ಸೆಕ್ಷನ್ನೇ?

ಪ್ರಶ್ನೆ: ನನ್ನ ತಮ್ಮ ಇಪ್ಪತ್ತು ವರ್ಷದಿಂದ ಅಮೆರಿಕದ ಫೀನಿಕ್ಸಿನಲ್ಲಿದ್ದಾನೆ. ಅವನ ಮಗಳಿಗೆ ದೊಡ್ಡ ಹೆಸರಿನ ಖಾಸಗಿ ಯೂನಿವರ್ಸಿಟಿಯಲ್ಲೂ ಸೀಟು ಸಿಕ್ಕಿದೆ, ಅಲ್ಲಿನ ಸರ್ಕಾರಿ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಬ್ಯಾರೆಟ್ ಆನರ್ಸ್ ಕಾಲೇಜಿನಲ್ಲೂ ಸಿಕ್ಕಿದೆ. ಇವನು ಸರ್ಕಾರಿಯದೇ ಸಾಕು ಅಂತಾನೆ. ‘ಆನರ್ಸ್ ನಮ್ಮಲ್ಲೇ ಬಂದಷ್ಟೇ ಬೇಗ ಹೋಯಿತಲ್ಲೋ’ ಅಂತ ಬೈದೆ. ತಪ್ಪೇ?
– ಶಿಡ್ಲಘಟ್ಟದ ಓದುಗರು

ಉತ್ತರ: ತಪ್ಪು ನಿಮ್ಮದಲ್ಲ, ಹೆಸರಿನದು. ನಮ್ಮಲ್ಲಿ 2021ರಲ್ಲಿ ಬಂದು 2024ರಲ್ಲಿ ಕೈಬಿಟ್ಟದ್ದು ನಾಲ್ಕು ವರ್ಷದ ಆನರ್ಸ್ ಪದವಿ. ಅಲ್ಲಿನದು ಯೂನಿವರ್ಸಿಟಿಯ ಹೊಟ್ಟೆಯೊಳಗಿನ ಪುಟ್ಟ ಕಾಲೇಜು. ಮಗು ತನ್ನ ವಿಷಯವನ್ನು ಎಲ್ಲರ ಜೊತೆಗೇ ಓದುತ್ತೆ. ಅದರ ಮೇಲೆ ಕೆಲವೇ ಮಂದಿ ಸುತ್ತ ಕೂತು ಚರ್ಚೆ ಮಾಡುವ ತರಗತಿ, ಕೊನೆಗೆ ಮೇಷ್ಟ್ರೊಬ್ಬರ ಕೈಕೆಳಗೆ ಒಂದು ಪ್ರಬಂಧ.

ಜಾಣ ಮಕ್ಕಳು ಖಾಸಗಿಯವರ ಪಾಲಾಗದಿರಲಿ ಅಂತಲೇ ಸರ್ಕಾರಿ ಯೂನಿವರ್ಸಿಟಿಗಳು ಹೂಡಿದ ಉಪಾಯ ಇದು. ಅಲ್ಲಿನ ಆರೆಗನ್ ರಾಜ್ಯದ ಯೂನಿವರ್ಸಿಟಿಯವರು 1960ರಲ್ಲೇ ಶುರು ಮಾಡಿದ್ದರು. ಬ್ಯಾರೆಟ್ ಹುಟ್ಟಿದ್ದು 1988ರಲ್ಲಿ. ಇಂಟೆಲ್‌ನ ಮುಖ್ಯಸ್ಥರಾಗಿದ್ದ ಕ್ರೇಗ್ ಬ್ಯಾರೆಟ್ ದಂಪತಿ 2000ದಲ್ಲಿ ಒಂದು ಕೋಟಿ ಡಾಲರ್ ಕೊಟ್ಟ ಮೇಲೆ ಈ ಹೆಸರು. ಆ ರಾಜ್ಯದವರಿಗೆ ಶುಲ್ಕವೂ ಕಮ್ಮಿ. ಹಾಗಾಗಿ ತಮ್ಮನನ್ನು ಜಿಪುಣ ಅನ್ನಬೇಡಿ.

ಉಪಾಯ ಫಲಿಸುವುದನ್ನು ನಾನೇ ಕಂಡಿದ್ದೇನೆ. ತುಮಕೂರಿನ ಕಾಲೇಜೊಂದರಲ್ಲಿ ಫಿಸಿಕ್ಸ್ ಹೇಳುತ್ತಿದ್ದಾಗ, ಎಂಬತ್ತೈದರ ಮೇಲೆ ತೆಗೆದವರನ್ನೆಲ್ಲ ಸೋಸಿ ಎ ಸೆಕ್ಷನ್ ಮಾಡಿದರು. ಮುಂದಿನ ವರ್ಷ ಬೆಂಗಳೂರಿನ ಬಸ್ಸು ಹತ್ತಬೇಕಿದ್ದ ಹುಡುಗರು ಇಲ್ಲೇ ಅರ್ಜಿ ಹಾಕಿದರು, ಸುಳ್ಳಲ್ಲ. ಆದರೆ ಪ್ರಿಸಂ ಇಟ್ಟು ಬೆಳಕು ಬಾಗುವ ಕೋನ ಅಳೆಯುವ ಸ್ಪೆಕ್ಟ್ರೋಮೀಟರ್ ಲ್ಯಾಬಿನಲ್ಲಿ ಸರಿಯಿದ್ದದ್ದು ಮೂರೇ. ಮೂರೂ ಎ ಸೆಕ್ಷನ್‌ಗೆ ಮೀಸಲು. ಸಿ ಸೆಕ್ಷನ್ನಿನ ಪಾವಗಡದ ಹುಡುಗನೊಬ್ಬ ರೆಕಾರ್ಡು ಹಿಡಿದು ಬಂದ. ‘ಸಾರ್, ಪ್ರಿಸಂ ಇಡೋದು ಬೇಡ, ರೀಡಿಂಗ್ ಹೇಳ್ಬಿಡಿ, ಬರ್ಕೋತೀನಿ’ ಅಂದ. ಹೇಳಿಬಿಟ್ಟೆ. ಅವನು ಬರೆದುಕೊಂಡ, ನಾನು ಸಹಿ ಹಾಕಿದೆ.

ನಿಮ್ಮ ಹುಡುಗಿ ಇರುವುದು ಎ ಸೆಕ್ಷನ್ನಿನಲ್ಲಿ, ಅವಳಿಗೇನೂ ನಷ್ಟವಿಲ್ಲ ಬಿಡಿ. ತಮ್ಮನಿಗೆ ಫೋನು ಮಾಡಿದಾಗ ಎರಡು ಮಾತು ವಿಚಾರಿಸಿ: ಆನರ್ಸಿಗೆ ಬೇರೆ ಫೀ ಕಟ್ಟಬೇಕು, ಅದನ್ನು ಲೆಕ್ಕಕ್ಕೆ ಹಿಡಿದಿದ್ದಾನಾ? ಸ್ಕಾಲರ್‌ಶಿಪ್ ಕೊಟ್ಟಿದ್ದರೆ, ಅಂಕ ಎಷ್ಟಕ್ಕಿಂತ ಇಳಿದರೆ ನಿಲ್ಲಿಸುತ್ತಾರೆ?