ಮುಂಬೈಗೆ ಏಳು ದಿನ: ಮೊದಲು ರೈಲಿನ ನಕ್ಷೆ, ಆಮೇಲೆ ಜಾಗಗಳ ಪಟ್ಟಿ

ನಿಮ್ಮ ಪ್ರಶ್ನೆ ಇಷ್ಟು: ಜನವರಿಯಲ್ಲಿ ಕಲಬುರಗಿಯಿಂದ ನಾಲ್ಕು ಜನ ರೈಲಲ್ಲಿ ಬರುತ್ತಿದ್ದೀರಿ. ಜೊತೆಗೆ ಮಂಡಿನೋವಿನ ಅಮ್ಮ, ಹತ್ತು ವರ್ಷದ ಮಗಳು. ಕೈಯಲ್ಲಿ ಏಳು ದಿನ, ಪಟ್ಟಿಯಲ್ಲಿ ಮೂವತ್ತೆರಡು ಜಾಗ. ಏರ್‌ಪೋರ್ಟ್ ಹತ್ತಿರ ಹೋಟೆಲ್ ಅಗ್ಗಕ್ಕೆ ಸಿಗುತ್ತಿದೆ, ಹಿಡಿಯಬಹುದಾ? ಲೋಣಾವಳಕ್ಕೂ ಒಂದು ದಿನ ಕೊಡಬಹುದಾ?

ಲೋಣಾವಳ ಬಿಟ್ಟುಬಿಡಿ. ಆ ಘಟ್ಟ ಚೆಂದ ಕಾಣುವುದು ಮಳೆಗಾಲದಲ್ಲಿ. ಜನವರಿಯಲ್ಲಿ ಚಿಕ್ಕಿ ಕೊಂಡು ವಾಪಸ್ ಬರಬೇಕು ಅಷ್ಟೇ. ಅದೂ ಅಲ್ಲದೆ ಉದ್ಯಾನ್ ಎಕ್ಸ್‌ಪ್ರೆಸ್‌ನಂಥ ರೈಲುಗಳು ಪುಣೆ ದಾಟಿ ಆ ಘಟ್ಟ ಇಳಿದೇ ಮುಂಬೈಗೆ ಬರುವುದು. ಹಗಲು ಹೊತ್ತಾಗಿದ್ದರೆ ಮಗಳನ್ನು ಕಿಟಕಿ ಪಕ್ಕ ಕೂರಿಸಿ, ಸುರಂಗ ಎಣಿಸಲಿ.

ಹೋಟೆಲ್ ದಾದರ್ ಕಡೆ ನೋಡಿ. ಮುಂಬೈ ಪಡವಲಕಾಯಿ ಥರ ಉದ್ದಕ್ಕೆ ಬೆಳೆದ ಊರು. ತುದಿಯಲ್ಲಿ ಕೊಲಾಬಾ, ಮೇಲೆ ಬೊರಿವಲಿ. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಊರಿಗೆ ಊರೇ ದಕ್ಷಿಣಕ್ಕೆ ಕೆಲಸಕ್ಕೆ ಹೋಗುತ್ತದೆ, ಸಂಜೆ ಐದರ ಮೇಲೆ ಉತ್ತರಕ್ಕೆ ವಾಪಸ್ ಬರುತ್ತದೆ. ಮುಂಬೈ ಪ್ಲಾನ್ ಮಾಡುವುದು ಅಂದರೆ ನನ್ನ ಪ್ರಕಾರ ಇದೊಂದನ್ನು ನೆನಪಿಟ್ಟುಕೊಳ್ಳುವುದು. ಒಂದು ದಿನಕ್ಕೆ ಒಂದೇ ದಿಕ್ಕು, ಅದೂ ಜನ ಹೋಗುವುದಕ್ಕೆ ಉಲ್ಟಾ, ಇಲ್ಲವೇ ಜನ ಹೋಗಿ ಮುಗಿದ ಮೇಲೆ. ದಾದರ್‌ನಲ್ಲಿ ವೆಸ್ಟರ್ನ್, ಸೆಂಟ್ರಲ್ ಎರಡೂ ಲೈನ್ ಸೇರುತ್ತವೆ. ಈಗ ನೆಲದಡಿಯ ಆಕ್ವಾ ಲೈನ್ ಮೆಟ್ರೋಗೂ ಅಲ್ಲಿ ಸ್ಟೇಷನ್ ಇದೆ. 2025ರ ಅಕ್ಟೋಬರ್‌ನಿಂದ ಅದು ಆರೆಯಿಂದ ಕಫ್ ಪರೇಡ್‌ವರೆಗೆ ಪೂರ್ತಿ ಓಡುತ್ತಿದೆ. ಏರ್‌ಪೋರ್ಟ್, ಸಿದ್ಧಿವಿನಾಯಕ, ಸಿಎಸ್‌ಎಂಟಿ (ಹಳೆಯ ವಿ.ಟಿ. ರೈಲು ನಿಲ್ದಾಣ), ಚರ್ಚ್‌ಗೇಟ್ ಎಲ್ಲ ಒಂದೇ ಲೈನಿನಲ್ಲಿ. ಹಾಗಾಗಿ ಏರ್‌ಪೋರ್ಟ್ ಹತ್ತಿರದ ಹೋಟೆಲ್ ಮೊದಲಿನಷ್ಟು ಕೆಟ್ಟ ಆಯ್ಕೆಯೇನಲ್ಲ. ಆದರೆ ಮಧ್ಯಾಹ್ನ ಅಮ್ಮನನ್ನು ರೂಮಿಗೆ ಬಿಟ್ಟು ಬರಬೇಕು ಅನಿಸಿದರೆ ದಾದರೇ ವಾಸಿ. ಎಸ್ಕಲೇಟರ್, ಲಿಫ್ಟ್ ಇರುವುದರಿಂದ ಅಮ್ಮನ ಜೊತೆ ಓಡಾಡಲು ಮೆಟ್ರೋ ಅನುಕೂಲ. ಲೋಕಲ್ ಹತ್ತಿಸುವುದಿದ್ದರೆ ಮಧ್ಯಾಹ್ನ, ಎಲ್ಲ ಸ್ಟೇಷನ್ನಲ್ಲೂ ನಿಲ್ಲುವ ಸ್ಲೋ ಗಾಡಿಗೆ ಹತ್ತಿಸಿ. ಆಟೋ ಬಾಂದ್ರಾ, ಸಯನ್‌ನಿಂದ ಕೆಳಕ್ಕೆ ಬರುವುದಿಲ್ಲ. ಅಲ್ಲಿಂದಾಚೆ ಕಾಲೀ-ಪೀಲೀ ಟ್ಯಾಕ್ಸಿ, ಮೀಟರ್ ಹಾಕಿಸಿಯೇ ಕೂತುಕೊಳ್ಳಿ.

ಇನ್ನು ರಜೆಯ ಲೆಕ್ಕ. ಗುಹೆಗಳ ದ್ವೀಪ ಎಲಿಫೆಂಟಾ ಸೋಮವಾರ ಬಂದ್. ಬೊರಿವಲಿಯ ನ್ಯಾಷನಲ್ ಪಾರ್ಕೂ ಸೋಮವಾರ ಬಂದ್, ಒಳಗಿನ ಕನ್ಹೇರಿ ಗುಹೆಗಳೂ ಅದರ ಜೊತೆಗೇ. ಪೆಂಗ್ವಿನ್ ಇರುವ ಬೈಕುಲ್ಲಾದ ರಾಣಿಬಾಗ್ ಬುಧವಾರ ಬಂದ್. ಸಿದ್ಧಿವಿನಾಯಕಕ್ಕೆ ಮಂಗಳವಾರ ಹೋಗಬೇಡಿ, ಕ್ಯೂ ನೋಡಿಯೇ ಅಮ್ಮನ ಮಂಡಿ ನೋಯುತ್ತದೆ. ಭಾನುವಾರ ಲೋಕಲ್ ನಂಬಬೇಡಿ. ಹಳಿ ರಿಪೇರಿಗೆ ಅಂತ ಮೆಗಾ ಬ್ಲಾಕ್ ಇರುತ್ತದೆ.

ಆ ಭಾನುವಾರವನ್ನು ದಕ್ಷಿಣದ ಹಳೆಯ ಆಫೀಸುಗಳ ಪ್ರದೇಶ ಫೋರ್ಟ್‌ಗೆ ಕೊಡಿ. ಆಫೀಸುಗಳಿಗೆ ರಜೆ, ರಸ್ತೆ ಖಾಲಿ, ಗಲ್ಲಿಗಳಲ್ಲಿ ಹುಡುಗರ ಕ್ರಿಕೆಟ್. ಸಿಎಸ್‌ಎಂಟಿಯ ಎದುರು ನಿಂತು ತಲೆಯೆತ್ತಿ ನಿಧಾನವಾಗಿ ನೋಡಿ, ಗೋಡೆ ಮೇಲೆ ನವಿಲು, ಹಲ್ಲಿ, ಮಂಗ ಎಲ್ಲ ಇವೆ. ಅಲ್ಲಿಂದ ಹಾರ್ನಿಮನ್ ಸರ್ಕಲ್, 1833ರ ಟೌನ್ ಹಾಲ್‌ನ ಮೆಟ್ಟಿಲು, ಹೈಕೋರ್ಟ್, ರಾಜಾಬಾಯಿ ಟವರ್, ಓವಲ್ ಮೈದಾನ. ಮೈದಾನದ ಒಂದು ಬದಿಗೆ ಗಾಥಿಕ್ ಕಟ್ಟಡಗಳು, ಇನ್ನೊಂದು ಬದಿಗೆ ಆರ್ಟ್ ಡೆಕೋ ಮನೆಗಳು. ಎರಡೂ ಸೇರಿ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಹೋದವು. ಸಂಜೆ ಮರೀನ್ ಡ್ರೈವ್‌ನ ಕಟ್ಟೆ ಮೇಲೆ ಕೂತರೆ ಅಮ್ಮನಿಗೆ ನಡಿಗೆಯೇ ಬೇಡ.

ಎಲಿಫೆಂಟಾಗೆ ಗೇಟ್‌ವೇಯಿಂದ ಬೆಳಗಿನ ಮೊದಲ ಬೋಟುಗಳಲ್ಲೇ ಹೊರಡಿ. ಸುಮಾರು ಒಂದು ಗಂಟೆ ದಾರಿ. ದಡದಿಂದ ಸ್ವಲ್ಪ ದೂರ ಪುಟಾಣಿ ರೈಲು ಇದೆ, ಆಮೇಲೆ ಸುಮಾರು 120 ಮೆಟ್ಟಿಲು. ಡೋಲಿ ಸಿಗುತ್ತದೆ, ಹತ್ತುವ ಮೊದಲೇ ದರ ಮಾತಾಡಿ. ಬಾದಾಮಿ ನೋಡಿದವರು ಅಂತ ಬರೆದಿದ್ದೀರಿ, ಹಾಗಾದರೆ ಆ ಮೂರು ಮುಖದ ಸದಾಶಿವನ ಮುಂದೆ ಜಾಸ್ತಿ ಹೊತ್ತು ನಿಲ್ಲಿ. ಎರಡೂ ಕಡೆಯದು ಹೆಚ್ಚು ಕಡಿಮೆ ಒಂದೇ ಕಾಲದ ಕೆಲಸ, ಆರನೇ ಶತಮಾನದ್ದು. ಇಮ್ಮಡಿ ಪುಲಕೇಶಿ ಹಡಗುಗಳಲ್ಲಿ ಬಂದು ಪಡುಗಡಲಿನ ಪುರಿಯನ್ನು ಗೆದ್ದ ಅಂತ ಐಹೊಳೆ ಶಾಸನದಲ್ಲಿದೆ. ಆ ಪುರಿಯೇ ಈ ಘಾರಾಪುರಿ (ಎಲಿಫೆಂಟಾದ ಊರ ಹೆಸರು) ಅನ್ನುವ ವಿದ್ವಾಂಸರಿದ್ದಾರೆ, ಒಪ್ಪದವರೂ ಇದ್ದಾರೆ.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ಜಾಗ ಸೇರಿಸುತ್ತೇನೆ: ಕನ್ಹೇರಿ. ನನ್ನನ್ನು ಕೇಳಿದರೆ ಮುಂಬೈಯಲ್ಲಿ ನೋಡಲೇಬೇಕಾದ್ದು ಇದು. ಸಿನಿಮಾ ನಟರ ಬಂಗಲೆಗಳಿಗಿಟ್ಟ ದಿನವನ್ನು ಇದಕ್ಕೆ ಕೊಡಿ (ಅಲ್ಲಿ ಸಿಗುವುದು ಗೇಟು, ವಾಚ್‌ಮನ್ ದರ್ಶನ ಅಷ್ಟೇ). ದಾದರ್‌ನಿಂದ ಬೆಳಿಗ್ಗೆ ಬೊರಿವಲಿ ಕಡೆಗೆ ಜನದಟ್ಟಣೆ ಕಡಿಮೆ, ಉಲ್ಟಾ ದಿಕ್ಕು ಅಲ್ವಾ. ಪಾರ್ಕಿನ ಗೇಟಿನಿಂದ ಕಾಡಿನ ನಡುವೆ ಬಸ್ಸು ಗುಹೆಗಳವರೆಗೂ ಹೋಗುತ್ತದೆ. ನೂರಕ್ಕೂ ಹೆಚ್ಚು ಗುಹೆಗಳಿವೆ. ಬೌದ್ಧ ಭಿಕ್ಷುಗಳು ಸಾವಿರ ವರ್ಷದ ಹತ್ತಿರ ಇಲ್ಲಿ ಇದ್ದರು. ಬಂಡೆ ಮೇಲೆ ಬಿದ್ದ ಮಳೆನೀರು ಕಾಲುವೆ ಹಿಡಿದು ಗುಹೆ ಪಕ್ಕದ ತೊಟ್ಟಿಗಳಿಗೆ ಇಳಿಯುವ ಹಾಗೆ ಕೊರೆದಿದ್ದಾರೆ. ನಿಮ್ಮ ಮಗಳಿಗೆ ಅದನ್ನು ತೋರಿಸಿ, ಕಾಲುವೆಯ ಜಾಡು ಹಿಡಿದು ಹೋಗಲಿ. ದೊಡ್ಡ ಚೈತ್ಯ (ಬೌದ್ಧರ ಪ್ರಾರ್ಥನಾ ಮಂದಿರ) ಇರುವ ಮೂರನೇ ಗುಹೆ ಟಿಕೆಟ್ ಕೌಂಟರಿನ ಸಮೀಪವೇ ಇದೆ. ಬಾಗಿಲ ಎರಡೂ ಬದಿಗೆ ಎತ್ತರದ ಬುದ್ಧ. ಅಮ್ಮ ಅಷ್ಟು ನೋಡಿ ನೆರಳಲ್ಲಿ ಕೂತರೂ ಬಂದದ್ದಕ್ಕೆ ಮೋಸವಿಲ್ಲ. ಕಲಬುರಗಿಯವರಿಗೆ ಹೇಳಲೇಬೇಕಾದ ಮಾತು ಇನ್ನೊಂದಿದೆ. ಕನ್ಹೇರಿಯ ಒಂಬತ್ತನೇ ಶತಮಾನದ ಶಾಸನಗಳಲ್ಲಿ ದೊರೆ ಅಂತ ಹೆಸರಿರುವುದು ಅಮೋಘವರ್ಷನದು, ನಿಮ್ಮ ಮಳಖೇಡದ ನೃಪತುಂಗ. ಕೊಂಕಣವನ್ನು ಆಗ ಆಳುತ್ತಿದ್ದ ಶಿಲಾಹಾರರು ಅವನ ಸಾಮಂತರು.

ಮಿಕ್ಕ ದಿನಗಳಿಗೆ ಹೆಚ್ಚು ಹೇಳುವುದಿಲ್ಲ. ಮಗಳಿಗೆ ವರ್ಲಿಯ ನೆಹರು ಸೈನ್ಸ್ ಸೆಂಟರ್. ಗೇಟ್‌ವೇ ಹತ್ತಿರದ ಮ್ಯೂಸಿಯಂಗೆ ಅರ್ಧ ದಿನ. ಗಾಂಧೀಜಿ 1917ರಿಂದ 1934ರವರೆಗೆ ಮುಂಬೈಗೆ ಬಂದಾಗ ಉಳಿಯುತ್ತಿದ್ದ ಮಣಿಭವನ ಗಾಮ್‌ದೇವಿಯಲ್ಲಿದೆ, ಒಂದು ಗಂಟೆ ಸಾಕು. ಸಮುದ್ರದ ನಡುವಿನ ಹಾಜಿ ಅಲಿ ದರ್ಗಾಕ್ಕೆ ಹೋಗುವ ಮುಂಚೆ ಉಬ್ಬರದ ಹೊತ್ತು ನೋಡಿಕೊಳ್ಳಿ, ದಾರಿ ಮುಳುಗುತ್ತದೆ. ಒಂದು ದಿನ ಏನೂ ಇಟ್ಟುಕೊಳ್ಳಬೇಡಿ. ಅಮ್ಮನಿಗೆ ಆಯಾಸ ಆಗಿಯೇ ಆಗುತ್ತದೆ.

ಊಟದ ಚಿಂತೆ ಬೇಡ. ದಾದರ್ ಪಕ್ಕದ ಸ್ಟೇಷನ್ನೇ ಮಾಟುಂಗಾ. ಸ್ಟೇಷನ್ ಎದುರಿಗೇ 1942ರಿಂದ ನಡೆಯುತ್ತಿರುವ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಬಾಳೆಲೆ ಊಟ. ತಿಂಡಿಗೆ ರಾಮಾಶ್ರಯ, ಕೆಫೆ ಮದ್ರಾಸ್. ಭಾನುವಾರ ಬೆಳಿಗ್ಗೆ ಮಾತ್ರ ಹೋಗಬೇಡಿ, ಹೊರಗೆ ಹೆಸರು ಬರೆಸಿ ಕಾಯಬೇಕು. ಕೌಂಟರಿನಲ್ಲಿ ಸುಮ್ನೆ ಕನ್ನಡದಲ್ಲೇ ಕೇಳಿ ನೋಡಿ, ತುಂಬಾ ಸಲ ಉತ್ತರ ಕನ್ನಡದಲ್ಲೇ ಬರುತ್ತದೆ.

ವಾಪಸ್ ಟಿಕೆಟ್ ಮಾಡುವಾಗ ಗಾಡಿ ಎಲ್ಲಿಂದ ಹೊರಡುತ್ತದೆ ನೋಡಿ. ಎಲ್‌ಟಿಟಿ ಅಂತಿದ್ದರೆ ಅದು ಕುರ್ಲಾ ಹತ್ತಿರದ ಲೋಕಮಾನ್ಯ ತಿಲಕ್ ಟರ್ಮಿನಸ್. ಲೋಕಲ್ ಸ್ಟೇಷನ್ನಿಗೂ ಅದಕ್ಕೂ ನಡುವೆ ಲಗೇಜ್ ಹೊತ್ತು ನಡೆಯುವುದು ಅಮ್ಮನಿಗೆ ಆಗದ ಕೆಲಸ. ದಾದರ್‌ನಲ್ಲೇ ನಿಲ್ಲುವ ಗಾಡಿ ಸಿಕ್ಕರೆ ಅದನ್ನೇ ಹಿಡಿಯಿರಿ. ಗಾಡಿ ನಿಲ್ಲುವುದು ಸ್ವಲ್ಪ ಹೊತ್ತು ಅಷ್ಟೇ, ಕೋಚ್ ಎಲ್ಲಿ ಬರುತ್ತದೆ ಅಂತ ಇಂಡಿಕೇಟರ್ ನೋಡಿ ಮೊದಲೇ ಅಲ್ಲಿ ನಿಂತಿರಿ.