ಎಲ್ಲಾ ಒಂದೇ ತಾರೀಖಿಗೆ ಯಾಕೆ ಬೀಳ್ತವೆ?

ಹೋದ ಸಂಚಿಕೆಲಿ "ಒಂದೇ ತಾರೀಖು, ಬೇರೆ ಬೇರೆ ವರ್ಷ" ಅನ್ನೋದರ ಬಗ್ಗೆ ಏನಾದ್ರೂ ಕೇಳಿ ಅಂದಿದ್ದೆ. ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ, ಇದು ಕಾಕತಾಳೀಯನಾ ಇಲ್ಲಾ ಗ್ರಹಚಾರನಾ ಅಂತ. ಕಾಗೆ ಕೂತಿದ್ದಕ್ಕೂ ಟೊಂಗೆ ಮುರಿದಿದ್ದಕ್ಕೂ ಸರಿಹೋಯ್ತು ಅಂತೀವಲ್ಲ, ಕೆಲವು ಸಲ ಆ ಟೊಂಗೆನ ಯಾರೋ ಮೊದಲೇ ಕುಯ್ದಿಟ್ಟಿರ್ತಾರೆ, ಅದನ್ನ ನೋಡ್ಬೇಕು ಅಷ್ಟೆ.

ಪ್ರಶ್ನೆ: ಜರ್ಮನಿಗೆ ನವೆಂಬರ್ 9ರ ಶಾಪ ಇದೆ ಅಂತ ವಾಟ್ಸಾಪ್‌ನಲ್ಲಿ ಓದಿದೆ. 1918, 1923, 1938, 1989 ನಾಲ್ಕೂ ಅದೇ ದಿನವಂತೆ. ನಿಜಾನಾ ಸಾರ್? (ಹಾಸನ)

ತಾರೀಖು ನಾಲ್ಕೂ ನಿಜ, ಶಾಪದ ಮಾತು ಬಿಡಿ. 1918ರಲ್ಲಿ ಯುದ್ಧ ಸೋಲ್ತಾ ಇತ್ತು, ಚಕ್ರವರ್ತಿ ಇಳಿದ ಅನ್ನೋ ಸುದ್ದಿ ಬಂತು, ಶೈಡೆಮಾನ್ ಅನ್ನೋ ನಾಯಕ ಬರ್ಲಿನ್ನಿನ ಪಾರ್ಲಿಮೆಂಟ್ ಕಟ್ಟಡದಿಂದ ಕೆಳಗಿದ್ದ ಜನಕ್ಕೆ "ಇನ್ಮೇಲೆ ಗಣರಾಜ್ಯ" ಅಂತ ಕೂಗಿ ಹೇಳಿದ. ಅದು ಆವತ್ತೇ ಆಗಿದ್ದಕ್ಕೆ ತಾರೀಖಿನ ಲೆಕ್ಕ ಏನೂ ಇಲ್ಲ. ಆದ್ರೆ 1923ಕ್ಕೆ ಬನ್ನಿ. ಮ್ಯೂನಿಕ್‌ನಲ್ಲಿ ಹಿಟ್ಲರ್ ತನ್ನ ಗುಂಪು ಕಟ್ಕೊಂಡು ಸರ್ಕಾರ ಉರುಳಿಸೋಕೆ ಹೊರಟ, ಪೊಲೀಸರು ಗುಂಡು ಹಾರಿಸಿದ್ರು, ಎಲ್ಲಾ ಕೆಟ್ಟೋಯ್ತು. 1918ರಲ್ಲಿ ಗಣರಾಜ್ಯ ಮಾಡಿದೋರನ್ನ ಹಿಟ್ಲರ್ ಕಡೆಯೋರು ಬೈತಿದ್ದಿದ್ದೇ "ನವೆಂಬರ್ ಅಪರಾಧಿಗಳು" ಅಂತ, ಅಂದ್ರೆ ಹಳೇ ಸಿಟ್ಟು ಅದೇ ತಿಂಗಳಿಗೆ ಅಂಟ್ಕೊಂಡಿತ್ತು.

ಮುಂದೆ ಅಧಿಕಾರಕ್ಕೆ ಬಂದ್ಮೇಲೆ ಆ ಸೋತ ದಿನವನ್ನೇ ನಾಜಿಗಳು, ಅಂದ್ರೆ ಹಿಟ್ಲರ್ ಪಕ್ಷದೋರು, ಪ್ರತಿ ವರ್ಷ ಹುತಾತ್ಮರ ದಿನ ಅಂತ ಆಚರಿಸೋಕೆ ಶುರು ಮಾಡಿದ್ರು. ಹಾಗಾಗಿ 1938ರ ನವೆಂಬರ್ 9ರ ರಾತ್ರಿ ಪಕ್ಷದ ದೊಡ್ಡ ತಲೆಗಳೆಲ್ಲಾ ಮ್ಯೂನಿಕ್‌ನಲ್ಲಿ ಒಂದೇ ಕಡೆ ಊಟಕ್ಕೆ ಸೇರಿದ್ರು. ಎರಡು ದಿನದ ಹಿಂದೆ ಪ್ಯಾರಿಸ್‌ನಲ್ಲಿ ಒಬ್ಬ ಯಹೂದಿ ಹುಡುಗ ಗುಂಡು ಹೊಡೆದಿದ್ದ ಜರ್ಮನ್ ಅಧಿಕಾರಿ ಸತ್ತ ಅನ್ನೋ ಸುದ್ದಿ ಅಲ್ಲಿಗೇ ಬಂತು, ಹಿಟ್ಲರ್‌ನ ಪ್ರಚಾರ ಮಂತ್ರಿ ಗೋಬೆಲ್ಸ್ ಎದ್ದು ಭಾಷಣ ಮಾಡಿದ, ಕೇಳಿದೋರು ಅಲ್ಲಿಂದಲೇ ತಮ್ಮ ತಮ್ಮ ಊರಿಗೆ ಫೋನ್ ಮಾಡಿದ್ರು. ಬೆಳಗಾಗೋದ್ರೊಳಗೆ ದೇಶದ ತುಂಬಾ ಯಹೂದಿಗಳ ಪ್ರಾರ್ಥನಾ ಮಂದಿರಗಳು (ಸಿನಗಾಗ್) ಉರೀತಿದ್ವು, ಯಹೂದಿಗಳ ಅಂಗಡಿ ಗಾಜೆಲ್ಲಾ ಬೀದಿಲಿ, ಸುಮಾರು 30 ಸಾವಿರ ಗಂಡಸರನ್ನ ಹಿಡಿದು ಕ್ಯಾಂಪಿಗೆ ಹಾಕಿದ್ರು. ವಾರ್ಷಿಕೋತ್ಸವ ಅಂತ ಅವರೆಲ್ಲಾ ಆ ರಾತ್ರಿ ಒಟ್ಟಿಗೆ ಕೂತಿರದೇ ಇದ್ದಿದ್ರೆ ಅಷ್ಟು ಬೇಗ ಹರಡ್ತಿತ್ತಾ? ನನಗಂತೂ ಡೌಟು. ಇದನ್ನ ಕಾಕತಾಳೀಯ ಅನ್ನೋಕೆ ನನಗೆ ಮನಸ್ಸು ಬರಲ್ಲ.

ಬರ್ಲಿನ್ನನ್ನ ಪೂರ್ವ, ಪಶ್ಚಿಮ ಅಂತ ಸೀಳಿದ್ದ ಗೋಡೆ ತೆರೆದ 1989ರದ್ದು ಮಾತ್ರ ಶುದ್ಧ ಎಡವಟ್ಟು. ಪೂರ್ವ ಜರ್ಮನಿಯ ಆಳೋ ಪಕ್ಷದ ವಕ್ತಾರ ಶಾಬೋವ್‌ಸ್ಕಿ ಪ್ರೆಸ್‌ಮೀಟ್‌ನಲ್ಲಿ ಕೂತಿದ್ದಾನೆ, ಹೊರದೇಶಕ್ಕೆ ಹೋಗೋ ಹೊಸ ನಿಯಮದ ಚೀಟಿ ಕೈಲಿದೆ, ಅದನ್ನ ಅವನು ಸರಿಯಾಗಿ ಓದ್ಕೊಂಡೂ ಬಂದಿಲ್ಲ. ಯಾವಾಗಿಂದ ಜಾರಿ ಅಂತ ಯಾರೋ ಕೇಳಿದ್ರು. ಅವನು ಕಾಗದ ಆ ಕಡೆ ಈ ಕಡೆ ತಿರುವಿ, ನನಗೆ ಗೊತ್ತಿರೋ ಮಟ್ಟಿಗೆ ಈಗಿಂದೀಗಲೇ ಅಂದುಬಿಟ್ಟ! ಅಸಲಿಗೆ ಅದು ಮಾರನೇ ದಿನದಿಂದ ಜಾರಿಯಾಗ್ಬೇಕಿತ್ತು. ಟಿವಿ ನೋಡಿ ಜನ ಗೋಡೆ ಹತ್ರ ಬಂದು ತುಂಬ್ಕೊಂಡ್ರು. ಬೋರ್ನ್‌ಹೋಮರ್ ಬೀದಿಯ ಗೇಟಿನ ಅಧಿಕಾರಿ ಹರಾಲ್ಡ್ ಯೇಗರ್ ಕ್ಯಾಂಟೀನಲ್ಲಿ ಊಟ ಮಾಡ್ತಾ ಇದನ್ನ ಟಿವಿಲಿ ನೋಡಿದ್ದ, ಮೇಲಿನೋರಿಗೆ ಫೋನ್ ಮೇಲೆ ಫೋನ್ ಮಾಡಿದ್ರೂ ಯಾರೂ ನೆಟ್ಟಗೆ ಉತ್ತರ ಕೊಡಲಿಲ್ಲ, ಕೊನೆಗೆ ರಾತ್ರಿ ಹನ್ನೊಂದೂವರೆ ಹೊತ್ತಿಗೆ ಅವನೇ ಗೇಟ್ ತೆಗೆಸಿಬಿಟ್ಟ. ಚೀಟಿಲಿದ್ದ ಹಾಗೆ ನಡೆದಿದ್ರೆ ಇವತ್ತು ನಾವು ನವೆಂಬರ್ 10 ಅಂತ ಮಾತಾಡ್ತಿರ್ತಿದ್ವಿ. ಅಂದಹಾಗೆ ಜರ್ಮನಿ ತನ್ನ ಏಕತೆಯ ದಿನ ಇಟ್ಕೊಂಡಿದ್ದು ಅಕ್ಟೋಬರ್ 3ಕ್ಕೆ, 1938ರ ನೆನಪಿರೋ ದಿನ ಹಬ್ಬ ಹೆಂಗೆ ಮಾಡ್ತಾರೆ ಹೇಳಿ.

ಪ್ರಶ್ನೆ: ಶೇಕ್ಸ್‌ಪಿಯರ್, ಸ್ಪೇನಿನ ಲೇಖಕ ಸರ್ವಾಂಟಿಸ್ ಇಬ್ರೂ 1616ರ ಏಪ್ರಿಲ್ 23ರಂದೇ ತೀರ್ಕೊಂಡ್ರಂತೆ? (ಸಾಗರ)

ಕ್ಯಾಲೆಂಡರ್ ಮಾಡಿರೋ ಮೋಸ ಇದು. ಆಗ ಸ್ಪೇನ್‌ನಲ್ಲಿ ಹೊಸ ಕ್ಯಾಲೆಂಡರ್, ಇಂಗ್ಲೆಂಡ್‌ನಲ್ಲಿ ಹಳೇದು, ಮಧ್ಯೆ 10 ದಿನ ಅಂತರ. ಇಂಗ್ಲೆಂಡಿನ ಏಪ್ರಿಲ್ 23 ಅಂದ್ರೆ ಸ್ಪೇನ್‌ನೋರಿಗೆ ಮೇ 3. ಸಾಲದ್ದಕ್ಕೆ ಸರ್ವಾಂಟಿಸ್ ತೀರ್ಕೊಂಡಿದ್ದು 22ಕ್ಕೆ, 23 ಮಣ್ಣು ಮಾಡಿದ ದಿನ. ಆದ್ರೂ ಯುನೆಸ್ಕೋ 1995ರಲ್ಲಿ ಅದನ್ನೇ ವಿಶ್ವ ಪುಸ್ತಕ ದಿನ ಮಾಡ್ತು, ಪುಸ್ತಕ ತಗೊಳ್ಳೋಕೆ ಒಂದು ನೆಪ ಸಿಕ್ತಲ್ಲ, ನನ್ನ ತಕರಾರಿಲ್ಲ.

ಪ್ರಶ್ನೆ: ಕೊರಿಯಾಗೂ ಆಗಸ್ಟ್ 15, ನಮಗೂ ಆಗಸ್ಟ್ 15, ಹೆಂಗೆ? (ಚಾಮರಾಜನಗರ)

ಎರಡಕ್ಕೂ ಬೇರು ಒಂದೇ. 1945ರ ಆಗಸ್ಟ್ 15ಕ್ಕೆ ಜಪಾನ್ ಶರಣಾಯ್ತು, ಅದರ ಕೈಲಿದ್ದ ಕೊರಿಯಾಗೆ ಬಿಡುಗಡೆ ಸಿಕ್ತು. ಆಗ ಆಗ್ನೇಯ ಏಷ್ಯಾದಲ್ಲಿ ಮಿತ್ರಪಡೆಗಳ ದಂಡನಾಯಕ ಆಗಿದ್ದಿದ್ದು ಮೌಂಟ್‌ಬ್ಯಾಟನ್. ಎರಡು ವರ್ಷ ಬಿಟ್ಟು ನಮ್ಮ ಸ್ವಾತಂತ್ರ್ಯಕ್ಕೆ ತಾರೀಖು ಹೇಳ್ಬೇಕಾಗಿ ಬಂದಾಗ ಅವರು ಆರಿಸಿದ್ದು ಆ ಶರಣಾಗತಿಯ ದಿನವನ್ನೇ.

ಪ್ರಶ್ನೆ: ನಮ್ಮ ಆಫೀಸಲ್ಲಿ ಇರೋದೇ 30 ಜನ, ಅದ್ರಲ್ಲಿ ಇಬ್ರ ಬರ್ತ್‌ಡೇ ಒಂದೇ ದಿನ. ಪವಾಡ ಅಲ್ವಾ? (ತುಮಕೂರು)

ಅಲ್ಲ. 23 ಜನ ಸೇರಿದ್ರೆ ಸಾಕು, ಅದ್ರಲ್ಲಿ ಯಾರಾದ್ರೂ ಇಬ್ರದ್ದು ಒಂದೇ ದಿನ ಬರೋ ಸಾಧ್ಯತೆ ಅರ್ಧ ದಾಟುತ್ತೆ, ಯಾಕಂದ್ರೆ 23 ಜನರಲ್ಲಿ ಜೋಡಿಗಳು 253 ಆಗ್ತವೆ. 30 ಜನಕ್ಕೆ ಅದು ನೂರಕ್ಕೆ 70. ಆದ್ರೆ ಆ ತಾರೀಖು ಜೂನ್ 1 ಆಗಿದ್ರೆ ಈ ಗಣಿತ ಮರ್ತುಬಿಡಿ, ಅದು ಸ್ಕೂಲಿಗೆ ಸೇರಿಸಿದ ಮೇಷ್ಟ್ರ ಕೆಲಸ. ನಮ್ಮಪ್ಪಂಗೂ ಜೂನ್ 1, ದೊಡ್ಡಪ್ಪಂಗೂ ಜೂನ್ 1. ಅಜ್ಜಿನ ಕೇಳಿದ್ರೆ ಒಬ್ಬ ಹುಟ್ಟಿದ್ದು ಯುಗಾದಿ ಹಿಂದಿನ ದಿನ, ಇನ್ನೊಬ್ಬ ರಾಗಿ ಕುಯ್ಲಲ್ಲಿ ಅಂತಿದ್ಲು.