ಸಂಪಾದಕರ ಉತ್ತರ: ಪೈರಸಿ ನಿಲ್ಲಬೇಕು, ಆದರೆ ಹೀಗಲ್ಲ

ನಮಸ್ಕಾರ. ನಿಮ್ಮ ಪತ್ರ ಓದಿ ಸಂಕಟವಾಯಿತು. ಮೂರು ವರ್ಷ ಕೂತು ಬರೆದ ಪುಸ್ತಕ, ಬಿಡುಗಡೆಯಾದ ಆರನೇ ದಿನಕ್ಕೇ ಪಿಡಿಎಫ್ ಆಗಿ ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡಿತು ಎಂದು ಬರೆದಿದ್ದೀರಿ. ಫೋಟೊ ತೆಗೆದವರ ಹೆಬ್ಬೆರಳು ಪುಟದ ಅಂಚಿನಲ್ಲಿ ಹಾಗೇ ಕಾಣುತ್ತಿತ್ತಂತೆ. ಆ ಸಾಲು ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಕಳೆದ ಸಂಚಿಕೆಯಲ್ಲಿ ನಾವು ವೆಬ್‌ಸೈಟ್ ಬ್ಲಾಕ್ ಮಾಡುವ ಕಾನೂನುಗಳನ್ನು ಟೀಕಿಸಿದ್ದನ್ನು ನೋಡಿ, ‘ನೀವು ಯಾರ ಪರ?’ ಎಂದು ಕೇಳಿದ್ದೀರಿ.

ನಿಮ್ಮ ಪರವೇ. ಜ್ಞಾನ ಎಲ್ಲರದ್ದು ಅಂತ ಹೇಳಿಕೊಂಡು ಬರೆದವರ ದುಡ್ಡು ತಪ್ಪಿಸುವುದನ್ನು ನಾನು ಒಪ್ಪುವುದಿಲ್ಲ. ಆ ಪ್ರತಿಯನ್ನು ತೆಗೆಸುವ ಹಕ್ಕು ನಿಮಗಿದೆ, ತೆಗೆಸಿ. ನನ್ನ ತಕರಾರು ಇರುವುದು ತಪ್ಪು ಮಾಡದವರ ಬಾಯನ್ನೂ ವಿಚಾರಿಸದೆ ಮುಚ್ಚಿಸುವ ರೀತಿಯ ಬಗ್ಗೆ.

2007ರಲ್ಲಿ ಅಮೆರಿಕದ ಒಬ್ಬ ತಾಯಿ ತಮ್ಮ ಪುಟ್ಟ ಮಗು ಅಡುಗೆಮನೆಯಲ್ಲಿ ಕುಣಿಯುವ ವಿಡಿಯೊ ಯೂಟ್ಯೂಬ್‌ಗೆ ಹಾಕಿದರು. ಬರೀ 29 ಸೆಕೆಂಡು. ಮಗು ಆಟದ ಗಾಡಿ ಹಿಡಿದು ಕುಲುಕುತ್ತದೆ, ಹಿಂದೆ ಒಂದು ಹಾಡು ಗೊರಗೊರ ಅಂತ ಕೇಳಿಸುತ್ತದೆ, ಅಷ್ಟೇ. ಹಾಡಿನ ಹಕ್ಕುದಾರ ಕಂಪನಿ ನೋಟಿಸ್ ಕಳಿಸಿತು, ವಿಡಿಯೊ ಹೋಯಿತು. ಅಲ್ಲಿನ 1998ರ ಡಿಎಂಸಿಎ ಎಂಬ ಕಾಪಿರೈಟ್ ಕಾನೂನಿನ ಪ್ರಕಾರ, ನೋಟಿಸ್ ಬಂದ ಕೂಡಲೇ ತೆಗೆದರೆ ವೆಬ್‌ಸೈಟ್ ಬಚಾವ್. ತೆಗೆಯದಿದ್ದರೆ ತಾನೇ ಕೋರ್ಟ್ ಮೆಟ್ಟಿಲು ಹತ್ತಬೇಕಾದೀತು. ಹಾಗಾಗಿ ಮೊದಲು ತೆಗೆಯುತ್ತಾರೆ, ಮಿಕ್ಕಿದ್ದೆಲ್ಲ ಆಮೇಲೆ. ವಾಪಸ್ ಹಾಕಿಸಬೇಕಾದರೆ ಹೆಸರು, ವಿಳಾಸ ಕೊಟ್ಟು, ಕೋರ್ಟಿಗೂ ಸಿದ್ಧ ಎಂದು ಬರೆದುಕೊಡಬೇಕು. ಎಷ್ಟು ಜನ ಆ ಧೈರ್ಯ ಮಾಡುತ್ತಾರೆ ಹೇಳಿ? ಈ ತಾಯಿ ಮಾಡಿದರು, ಕೇಸನ್ನೂ ಹಾಕಿದರು. ನೋಟಿಸ್ ಕಳಿಸುವ ಮೊದಲು ಇದು ‘ನ್ಯಾಯವಾದ ಬಳಕೆ’, ಅಂದರೆ ಅನುಮತಿ ಇಲ್ಲದೆಯೂ ಕಾನೂನು ಒಪ್ಪುವ ಬಳಕೆ, ಹೌದೋ ಅಲ್ಲವೋ ಎಂದು ಹಕ್ಕುದಾರರು ಯೋಚಿಸಲೇಬೇಕು ಎಂದು ಮೇಲ್ಮನವಿ ಕೋರ್ಟು ಹೇಳಿದ್ದು 2015ರಲ್ಲಿ. ಎಂಟು ವರ್ಷ!

ಇಡೀ ಸೈಟನ್ನೇ ಬ್ಲಾಕ್ ಮಾಡುವುದು ಇದಕ್ಕಿಂತ ದೊಡ್ಡ ಪೆಟ್ಟು. ಅಂಥದಕ್ಕೆ ದಾರಿ ಮಾಡುತ್ತಿದ್ದ ಅಮೆರಿಕದ ಸೋಪಾ ಎಂಬ ಪೈರಸಿ ತಡೆ ಮಸೂದೆಯನ್ನು ವಿರೋಧಿಸಿ ಇಂಗ್ಲಿಷ್ ವಿಕಿಪೀಡಿಯ 2012ರ ಜನವರಿ 18ರಂದು 24 ಗಂಟೆ ಬಾಗಿಲು ಹಾಕಿತ್ತು. ಎರಡೇ ದಿನಕ್ಕೆ ಮಸೂದೆ ಮೂಲೆಗೆ ಬಿತ್ತು. ಯಾರೋ ಹಾಕಿದ ಒಂದು ಫೈಲಿಗೋಸ್ಕರ ಸೈಟನ್ನೇ ಮುಚ್ಚಿದರೆ, ಅಲ್ಲಿ ತಮ್ಮದೇ ಬರಹ ಇಟ್ಟವರು ಎಲ್ಲಿಗೆ ಹೋಗಬೇಕು? ಅವರೂ ನಿಮ್ಮ ಹಾಗೇ ಬರೆಯುವವರು, ಅಲ್ವಾ? ಕದ್ದವರಂತೂ ಬೇರೆ ಹೆಸರಿನಲ್ಲಿ ಮತ್ತೆ ಅಂಗಡಿ ತೆರೆಯುತ್ತಾರೆ.

ಕಾಪಿರೈಟ್ ಹಕ್ಕಿನ ಅವಧಿಯೂ ಜಾಸ್ತಿಯಾಯಿತು ಅನ್ನುವುದು ನನ್ನ ಅಭಿಪ್ರಾಯ. 1710ರ ಇಂಗ್ಲೆಂಡಿನ ಕಾನೂನು ಹೊಸ ಪುಸ್ತಕಕ್ಕೆ ಕೊಟ್ಟಿದ್ದು 14 ವರ್ಷ. ಲೇಖಕರು ಬದುಕಿದ್ದರೆ ಇನ್ನೊಂದು 14. ಈಗ ಹಲವು ದೇಶಗಳಲ್ಲಿ ಲೇಖಕರು ತೀರಿಕೊಂಡ ಮೇಲೂ 70 ವರ್ಷ. ಮೂವತ್ತರಲ್ಲಿ ಬರೆದು ಎಂಬತ್ತರಲ್ಲಿ ಹೋದರೆ, ಆ ಪುಸ್ತಕಕ್ಕೆ ಒಟ್ಟು 120 ವರ್ಷ ಬೀಗ. ಅಷ್ಟರಲ್ಲಿ ಪ್ರತಿಗಳು ಮುಗಿದಿರುತ್ತವೆ, ಹಕ್ಕು ಯಾರದ್ದೆಂದು ಹೇಳುವವರೂ ಇರುವುದಿಲ್ಲ. ಮರುಮುದ್ರಣ ಮಾಡೋಣ ಅಂದರೆ ಕೇಳುವುದಾದರೂ ಯಾರನ್ನ? ಓದುಗರಿಗೆ ಸಿಗದ ಪುಸ್ತಕದಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ.

ಇ-ಬುಕ್ ಇನ್ನೂ ತಂದಿಲ್ಲ ಎಂದೂ ಬರೆದಿದ್ದೀರಿ. ದಯವಿಟ್ಟು ಬೇಗ ತನ್ನಿ. ದುಡ್ಡು ಕೊಟ್ಟು ಮೊಬೈಲ್‌ನಲ್ಲಿ ಓದಲು ತಯಾರಿರುವವರಿಗೆ ಈಗ ಸಿಗುತ್ತಿರುವುದು ಆ ಹೆಬ್ಬೆರಳಿನ ಪ್ರತಿ ಮಾತ್ರ. ಅದು ಎಲ್ಲೆಲ್ಲಿದೆಯೋ ಆ ಲಿಂಕುಗಳನ್ನು ಒಂದೊಂದಾಗಿ ಬರೆದು ಕಳಿಸಿ. ನೋಟಿಸ್ ಬರೆಯುವಾಗ ನಾನೂ ಜೊತೆಗೆ ಕೂರುತ್ತೇನೆ.